ಇಂಧನ ಚರ್ಚೆಯ ಅಂಕಿಗಳು: ಶರಾವತಿ, ಅಘನಾಶಿನಿ ಕೊಳ್ಳಗಳಿಂದ ಒಂದು ಟಿಪ್ಪಣಿ

2025ರ ಸೆಪ್ಟೆಂಬರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಕುರಿತ ಸಾರ್ವಜನಿಕ ಅಹವಾಲು ಸಭೆಗಳು ಘಟ್ಟದ ಮೇಲೆ ಸಾಗರ ತಾಲ್ಲೂಕಿನಲ್ಲೂ ಘಟ್ಟದ ಕೆಳಗೆ ಹೊನ್ನಾವರ ತಾಲ್ಲೂಕಿನಲ್ಲೂ ನಡೆದವು. ಆ ದಿನಗಳ ಭಾಷಣ, ಪತ್ರಿಕಾ ಹೇಳಿಕೆ, ಮನವಿಪತ್ರಗಳಲ್ಲಿ ಸುತ್ತಿ ಸುತ್ತಿ ಬಂದ ಅಂಕಿಗಳು ಬೆರಳೆಣಿಕೆಯವು: 2,000 ಮೆಗಾವಾಟ್, ಶೇ 24, 0.37 ಟಿಎಂಸಿ, 54 ಹೆಕ್ಟೇರ್ ಕಾಡು, 15-16 ಸಾವಿರ ಮರ. ಯೋಜನೆ ಬೇಕೆಂದವರು ಮೊದಲನೆಯದನ್ನು ಎತ್ತಿ ಹಿಡಿದರು. ಬೇಡವೆಂದವರು ಎರಡನೆಯದನ್ನೂ ಕೊನೆಯದನ್ನೂ. ಈ ಅಂಕಿಗಳಲ್ಲಿ ಲೆಕ್ಕ ಹಾಕಿ ನೋಡಬಹುದಾದವನ್ನೆಲ್ಲ ಹಾಕಿ ನೋಡಿದರೆ ಲೆಕ್ಕ ಕೂಡಿ ಬರುತ್ತದೆ. ಆದರೂ ಇಷ್ಟನ್ನೇ ಕೇಳಿಸಿಕೊಂಡು ಮನೆಗೆ ಹೋದವರಿಗೆ ಯೋಜನೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ಬೇಕಾದ ಮಾಹಿತಿ ಸಿಕ್ಕಿರುವುದಿಲ್ಲ.

ರಾಜಕಾರಣದ ಬಾಯಲ್ಲಿ ಬಂದ ಅಂಕಿ ಎಂದರೆ ಸುಳ್ಳೇ ಇರಬೇಕು ಎಂಬ ಗುಮಾನಿ ನಮ್ಮಲ್ಲಿ ಸಾಮಾನ್ಯ. ಹೊನ್ನಾವರ, ಕುಮಟಾ, ಭಟ್ಕಳ ತಾಲ್ಲೂಕುಗಳಿಗೆ ತಗುಲಿದ ಇಂಧನ ವಿವಾದಗಳನ್ನು ನೋಡಿದ ಮೇಲೆ ನನಗೆ ಅನ್ನಿಸುವುದು ಬೇರೆ. ಪೂರಾ ಸುಳ್ಳಾದ ಅಂಕಿ ಅಪರೂಪ. ಛೇದ ಕಾಣದ ಅಂಕಿಯೇ ಹೆಚ್ಚು. ಯಾವುದರಿಂದ ಭಾಗಿಸಿದ್ದು, ಎಷ್ಟು ಹೊತ್ತಿನ ಲೆಕ್ಕ, ಎಲ್ಲಿಂದ ಎಲ್ಲಿಯವರೆಗೆ ಎಣಿಸಿದ್ದು ಎಂಬುದು ಜೊತೆಗಿದ್ದರೆ ಎದುರು ಪಕ್ಷದವರ ಅಂಕಿಯನ್ನೂ ಕೈಗೆತ್ತಿಕೊಳ್ಳಬಹುದು. ಅದಿಲ್ಲದಿದ್ದರೆ ನಮ್ಮವರ ಅಂಕಿಯನ್ನೂ ಬದಿಗಿಡಬೇಕು. ಈ ಟಿಪ್ಪಣಿಯ ವಾದ ಇಷ್ಟೇ. ಉಳಿದದ್ದು ಉದಾಹರಣೆಗಳ ಪರಿಶೀಲನೆ.

ಸಾಮರ್ಥ್ಯ ಮತ್ತು ಉತ್ಪಾದನೆ

ಶರಾವತಿ ಕೊಳ್ಳದಲ್ಲಿ ಈಗಿರುವ ಸ್ಥಾವರಗಳನ್ನು ಕೂಡಿದರೆ ಸುಮಾರು 1,469 ಮೆಗಾವಾಟ್ ಆಗುತ್ತದೆ. 1948ರಲ್ಲಿ ಶುರುವಾದ ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರದ್ದು 139, ಶರಾವತಿ ವಿದ್ಯುದಾಗಾರದ್ದು 1,035, ಲಿಂಗನಮಕ್ಕಿ ಅಣೆಕಟ್ಟಿನ ಬುಡದ್ದು 55, ಗೇರುಸೊಪ್ಪೆಯದು 240. ಈ ಪಟ್ಟಿಯ ಕೆಳಗೆ ಹೊಸ ಯೋಜನೆಯ 2,000 ಬರೆದುಬಿಟ್ಟರೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಟ್ಟಿದ್ದನ್ನೆಲ್ಲ ಒಂದೇ ಏಟಿಗೆ ಮೀರಿಸಿದಂತೆ ಕಾಣುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಅದನ್ನು ಬರೆಯುವುದೇ ತಪ್ಪು. ಹಳೆಯ ನಾಲ್ಕೂ ಮಳೆಯ ನೀರಿನಿಂದ ಹೊಸ ವಿದ್ಯುತ್ ಮಾಡುತ್ತವೆ. ಐದನೆಯದು ಒಂದು ಯುನಿಟ್ಟನ್ನೂ ಹೊಸದಾಗಿ ಹುಟ್ಟಿಸುವುದಿಲ್ಲ. ಬೇರೆಲ್ಲೋ ಆದ ವಿದ್ಯುತ್ತನ್ನು ತಂದು, ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಬೇಡಿಕೆ ಏರಿದ ಹೊತ್ತಿಗೆ ಅದೇ ನೀರನ್ನು ಇಳಿಸಿ ವಿದ್ಯುತ್ತನ್ನು ಹಿಂದಿರುಗಿಸುವುದು ಅದರ ಕೆಲಸ. 250 ಮೆಗಾವಾಟಿನ ಎಂಟು ಯಂತ್ರಗಳು ಪೂರ್ಣ ಸಾಮರ್ಥ್ಯದಲ್ಲಿ ಆರು ತಾಸು ಓಡಿದರೆ 12,000 ಮೆಗಾವಾಟ್ ತಾಸು, ಅಂದರೆ ನಮ್ಮ ಬಿಲ್ಲಿನ ಭಾಷೆಯಲ್ಲಿ 1.2 ಕೋಟಿ ಯುನಿಟ್.

ಮೆಗಾವಾಟ್ ಎಂಬುದು ವೇಗದ ಅಳತೆ, ಯುನಿಟ್ ಎಂಬುದು ಮೊತ್ತದ ಅಳತೆ. ದೋಣಿಯ ಎಂಜಿನ್ ಎಷ್ಟು ಅಶ್ವಶಕ್ತಿಯದು ಎಂದು ಕೇಳಿದ ಮಾತ್ರಕ್ಕೆ ಆ ದಿನ ಬಲೆಗೆ ಎಷ್ಟು ಬುಟ್ಟಿ ಬಂಗಡೆ ಬಿತ್ತು ಎಂದು ಹೇಳಲಾಗದು. ಆದರೂ ಚುನಾವಣಾ ಭಾಷಣಗಳಲ್ಲಿ ಹೋಲಿಕೆ ನಡೆಯುವುದು ಮೆಗಾವಾಟಿನಲ್ಲೇ. ಪಾವಗಡದ ಸೌರ ಪಾರ್ಕು 2,050 ಮೆಗಾವಾಟ್, ನಮ್ಮ ಜಿಲ್ಲೆಯ ಕೈಗಾ ಅಣುಸ್ಥಾವರದ ನಾಲ್ಕು ಘಟಕ ಸೇರಿ 880. ಪಾವಗಡ ಕೈಗಾದ ಎರಡು ಪಟ್ಟಿಗಿಂತ ದೊಡ್ಡದು ಎಂದರೆ ಒಪ್ಪಿಕೊಳ್ಳಬಹುದೇ? ಸೌರ ಫಲಕ ವರ್ಷವಿಡೀ ಸರಾಸರಿ ತನ್ನ ಸಾಮರ್ಥ್ಯದ ಐದರಲ್ಲೊಂದು ಪಾಲಿನಷ್ಟು ಕೊಡುತ್ತದೆಂದು ಹಿಡಿಯೋಣ. ಆಗ ಪಾವಗಡದ್ದು ವರ್ಷಕ್ಕೆ ಸುಮಾರು 360 ಕೋಟಿ ಯುನಿಟ್. ಕೈಗಾ ಶೇ 80ರಷ್ಟು ಓಡಿತೆಂದು ಹಿಡಿದರೆ ಸುಮಾರು 617 ಕೋಟಿ. ಇಲ್ಲಿಗೆ ಅಣುಶಕ್ತಿ ಗೆದ್ದಿತು ಎನ್ನುವವರೂ ಅವಸರಪಟ್ಟಂತೆಯೇ. ಏಕೆಂದರೆ ಯಾವ ಹೊತ್ತಿಗೆ ಬಂದ ಯುನಿಟ್, ಎಷ್ಟು ದರದ್ದು, ತ್ಯಾಜ್ಯದ ಗತಿ ಏನು ಎಂಬುದು ಈ ಲೆಕ್ಕದೊಳಗೆ ಇಲ್ಲವೇ ಇಲ್ಲ. 1989ರಲ್ಲಿ ಶಿವರಾಮ ಕಾರಂತರು ಕೈಗಾ ವಿರೋಧವನ್ನೇ ಮುಂದಿಟ್ಟುಕೊಂಡು ಲೋಕಸಭೆಗೆ ಸ್ಪರ್ಧಿಸಿದಾಗಿನಿಂದ ಈ ಜಿಲ್ಲೆಯ ಜನ ಈ ವಾದವನ್ನು ಕೇಳುತ್ತ ಬಂದಿದ್ದಾರೆ.

ಸಾಮರ್ಥ್ಯದ ಅಂಕಿ ಇನ್ನೊಂದು ರೀತಿಯಲ್ಲೂ ಹಾದಿ ತಪ್ಪಿಸುತ್ತದೆ. ಕೆಲವು ವರ್ಷಗಳ ಹಿಂದಿನವರೆಗೆ ದೇಶದಲ್ಲಿ ಕಟ್ಟಿ ಮುಗಿದ ಪಂಪ್ಡ್ ಸ್ಟೋರೇಜ್ ಸಾಮರ್ಥ್ಯ 4,745 ಮೆಗಾವಾಟ್ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಪಟ್ಟಿಯಲ್ಲಿತ್ತು. ಅದೇ ಪ್ರಾಧಿಕಾರ ಇನ್ನೊಂದು ಸಾಲನ್ನೂ ಪ್ರಾಮಾಣಿಕವಾಗಿ ಬರೆದಿತ್ತು: ಅದರಲ್ಲಿ ನೀರನ್ನು ನಿಜವಾಗಿ ಮೇಲೆತ್ತುವ ಕೆಲಸ ಮಾಡುತ್ತಿದ್ದದ್ದು 3,305 ಮೆಗಾವಾಟ್ ಮಾತ್ರ. ಗುಜರಾತಿನ ಸರ್ದಾರ್ ಸರೋವರದ 1,200 ಮತ್ತು ಕಡಾಣದ 240 ಮೆಗಾವಾಟ್ ಆ ಕೆಲಸ ಮಾಡುತ್ತಿರಲಿಲ್ಲ. ಮೊದಲ ಸಾಲನ್ನು ಮಾತ್ರ ಓದಿ ಹೇಳಿದವರನ್ನು ಸುಳ್ಳುಗಾರರೆನ್ನಲಾಗದು. ಆದರೆ ಅವರನ್ನು ನಂಬಿದವರಿಗೆ ನಷ್ಟ. ಎರಡೂ ಸಾಲನ್ನು ಒಂದೇ ಪುಟದಲ್ಲಿ ಇಟ್ಟ ದಾಖಲೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಶೇ 24

ವಿರೋಧಿಗಳ ಮುಖ್ಯ ಅಸ್ತ್ರ ಇದು: ಈ ಯೋಜನೆ ತಾನು ಕೊಡುವುದಕ್ಕಿಂತ ಶೇ 24ರಷ್ಟು ಹೆಚ್ಚು ವಿದ್ಯುತ್ ತಿನ್ನುತ್ತದೆ. 12,000 ಮೆಗಾವಾಟ್ ತಾಸು ಹೊರಬರಬೇಕಾದರೆ ಸುಮಾರು 14,900 ಒಳಹೋಗಬೇಕು. ಈ ಅಂಕಿ ನಂಬತಕ್ಕದ್ದು, ಏಕೆಂದರೆ ಅದು ಈ ತಂತ್ರಜ್ಞಾನದ ಸ್ವಭಾವಕ್ಕೆ ಹೊಂದುತ್ತದೆ. ವೇಲ್ಸ್‌ನಲ್ಲಿ 1984ರಿಂದ ಓಡುತ್ತಿರುವ ಡಿನಾರ್ವಿಗ್ ಸ್ಥಾವರ ನೂರು ಯುನಿಟ್ ತೆಗೆದುಕೊಂಡು ಎಪ್ಪತ್ತೈದರ ಆಸುಪಾಸು ಮರಳಿಸುತ್ತದೆ. ಶರಾವತಿಯ ಲೆಕ್ಕ ಎಂಬತ್ತೊಂದರ ಹತ್ತಿರ ಬರುತ್ತದೆ.

ಇಲ್ಲೇ ಸೂಕ್ಷ್ಮವಿದೆ. ಹೊರಬರುವುದನ್ನು ಛೇದವಾಗಿಟ್ಟರೆ ‘ಶೇ 24 ಹೆಚ್ಚು’. ಒಳಹೋಗುವುದನ್ನು ಛೇದವಾಗಿಟ್ಟರೆ ‘ಶೇ 19 ನಷ್ಟ’. ಹೊಗಳಬೇಕೆಂದರೆ ‘ಶೇ 81 ದಕ್ಷತೆ’. ಮೂರೂ ಒಂದೇ ಸಂಗತಿ. ಯಾರು ಯಾವುದನ್ನು ಆರಿಸಿಕೊಳ್ಳುತ್ತಾರೆಂಬುದು ಅವರು ವೇದಿಕೆಯ ಯಾವ ಬದಿಗೆ ಕೂತಿದ್ದಾರೆಂಬುದನ್ನು ತಿಳಿಸುತ್ತದೆಯೇ ಹೊರತು ಯೋಜನೆಯ ಬಗ್ಗೆ ಹೊಸದೇನನ್ನೂ ತಿಳಿಸುವುದಿಲ್ಲ.

ವರ್ಷದ 365 ದಿನವೂ ಓಡಿತೆಂದು ಹಿಡಿದರೆ ಕಳೆದುಹೋಗುವುದು ಸುಮಾರು 105 ಕೋಟಿ ಯುನಿಟ್. ತಿಂಗಳಿಗೆ 200 ಯುನಿಟ್ ಬಳಸುವ ನಾಲ್ಕು ಲಕ್ಷಕ್ಕೂ ಹೆಚ್ಚು ಮನೆಗಳ ವರ್ಷದ ವಿದ್ಯುತ್ ಅದು ಎಂದರೆ ಸಭೆ ಬೆಚ್ಚುತ್ತದೆ. ರಾಜ್ಯದ ಒಟ್ಟು ವಾರ್ಷಿಕ ಬೇಡಿಕೆಯ ಶೇ 1ಕ್ಕಿಂತ ತುಸು ಹೆಚ್ಚು ಎಂದರೆ ಅದೇ ಸಭೆ ಹಗುರಾಗುತ್ತದೆ.

ಹಾಗಾದರೆ ಈ ನಷ್ಟ ದೊಡ್ಡದೋ ಸಣ್ಣದೋ? ಒಳಹೋಗುವ ವಿದ್ಯುತ್ ಎಲ್ಲಿಯದು ಎಂಬುದರ ಮೇಲೆ ಅದು ನಿಂತಿದೆ. ನಡುಮಧ್ಯಾಹ್ನ ಬೇಡಿಕೆಗಿಂತ ಹೆಚ್ಚಾಗಿ, ಗ್ರಿಡ್ ತೆಗೆದುಕೊಳ್ಳಲಾರದೆ ಬೇಡವೆಂದು ನಿಲ್ಲಿಸುವ ಸೌರ ವಿದ್ಯುತ್ತಾದರೆ ನೂರಕ್ಕೆ ಎಂಬತ್ತೊಂದು ಉಳಿದದ್ದೇ ಲಾಭ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳನ್ನು ಓಡಿಸಿ ನೀರೆತ್ತಿದರೆ ಹತ್ತೊಂಬತ್ತು ಯುನಿಟ್ಟಿನ ಜೊತೆಗೆ ಅದರ ಕಲ್ಲಿದ್ದಲೂ ಹೊಗೆಯೂ ವ್ಯರ್ಥ. ಆದ್ದರಿಂದ ಈ ವಿವಾದವನ್ನು ಬಗೆಹರಿಸಬಲ್ಲ ಅಂಕಿ ಶೇ 24 ಅಲ್ಲ. ವರ್ಷದ ಯಾವ ತಿಂಗಳು, ಯಾವ ತಾಸಿನಲ್ಲಿ, ಎಷ್ಟು ಸೌರ ಮತ್ತು ಪವನ ವಿದ್ಯುತ್ತನ್ನು ಕರ್ನಾಟಕ ನಿಲ್ಲಿಸುತ್ತಿದೆ ಎಂಬ ಕೋಷ್ಟಕವೇ ಅದು. ಆ ಕೋಷ್ಟಕವನ್ನು ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ದಾಖಲೆಗಳಿಂದ ಕಟ್ಟಬಹುದು. ಕಟ್ಟುವಾಗ ಇನ್ನೊಂದು ಎಚ್ಚರ ಬೇಕು: ಅದೇ ಮಧ್ಯಾಹ್ನದ ಹೆಚ್ಚುವರಿಯನ್ನು ಕೃಷಿ ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತೇ ಕೊಡುತ್ತೇವೆಂದು ಒಂದು ಕಡೆ, ಸವದತ್ತಿಯಂಥ ಬೇರೆ ಪಂಪ್ಡ್ ಸ್ಟೋರೇಜ್ ಯೋಜನೆಗಳಿಗೆಂದು ಇನ್ನೊಂದು ಕಡೆ ಹೇಳಲಾಗುತ್ತಿದೆ. ಒಂದೇ ಹೆಚ್ಚುವರಿ ವಿದ್ಯುತ್ತನ್ನು ಮೂರು ಬಾರಿ ಹಂಚಲು ಬರುವುದಿಲ್ಲ.

ಖರ್ಚಿನ ಅಂಕಿಗೂ ಇದೇ ಮಾತು. ಯೋಜನೆಯ ಅಂದಾಜು 8,000 ಕೋಟಿ ರೂಪಾಯಿಯ ಆಸುಪಾಸಿನಿಂದ 10,000 ಕೋಟಿ ದಾಟಿದೆ. ಬಂಡವಾಳದ ಮೇಲೆ ವರ್ಷಕ್ಕೆ ಹತ್ತರಲ್ಲೊಂದು ಪಾಲು ವಸೂಲಾಗಬೇಕು ಎಂದಿಟ್ಟುಕೊಳ್ಳಿ. ಇದು ನನ್ನ ಊಹೆ, ಬೇಕಾದವರು ಬದಲಿಸಿಕೊಳ್ಳಬಹುದು. ಪ್ರತಿದಿನವೂ ಪೂರ್ತಿ ಓಡಿದರೆ ಸಂಗ್ರಹದ ಬಾಬ್ತು ಯುನಿಟ್ಟಿಗೆ ಸುಮಾರು 2 ರೂಪಾಯಿ 30 ಪೈಸೆ. ಎರಡು ದಿನಕ್ಕೊಮ್ಮೆ ಮಾತ್ರ ಓಡಿದರೆ ಅದು ಇಮ್ಮಡಿ. ನೀರೆತ್ತಲು ಕೊಂಡ ವಿದ್ಯುತ್ತಿನ ಬೆಲೆ ಇದರ ಮೇಲೆ ಬೇರೆ. ವರ್ಷಕ್ಕೆ ಎಷ್ಟು ದಿನ ಓಡುತ್ತದೆ ಎಂದು ಹೇಳದೆ ಕೊಟ್ಟ ದರದ ಅಂಕಿಯನ್ನು ನಂಬಲು ಕಾರಣವೇ ಇಲ್ಲ.

0.37 ಟಿಎಂಸಿ

ದಿನಕ್ಕೊಮ್ಮೆ ಎತ್ತಿ ಇಳಿಸುವ ನೀರಿನ ಲೆಕ್ಕ ಇದು; ಈ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿಯೆನಿಸಿದ ಅಂಕಿ. ಯಾರು ಹೇಳಿದರೆಂದು ನೋಡಬೇಕಿಲ್ಲ. ಪಿಯುಸಿಯ ಭೌತಶಾಸ್ತ್ರ ಸಾಕು. ತಲಕಳಲೆಯ ನೀರಿನ ಮಟ್ಟ ಸಮುದ್ರಮಟ್ಟದಿಂದ 520 ಮೀಟರ್ ಆಸುಪಾಸು, ಗೇರುಸೊಪ್ಪೆಯದು ತುಂಬಿದಾಗ 55. ಅಂತರ ಸುಮಾರು 460 ಮೀಟರ್ ಎಂದುಕೊಳ್ಳೋಣ. ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಇಳಿದರೆ ಸಿಗುವ ಶಕ್ತಿ ಒಂದೂಕಾಲು ಯುನಿಟ್. ಸುರಂಗ, ಟರ್ಬೈನು, ಜನರೇಟರುಗಳಲ್ಲಿ ಹತ್ತರಲ್ಲೊಂದು ಪಾಲು ಹೋಯಿತೆಂದರೆ 1.13 ಯುನಿಟ್. 1.2 ಕೋಟಿ ಯುನಿಟ್ಟಿಗೆ ಹಾಗಾದರೆ ಸುಮಾರು 1.06 ಕೋಟಿ ಘನ ಮೀಟರ್ ನೀರು ಬೇಕು. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಭಾಗಿಸಿದರೆ 0.37. ಯೋಜನೆ ಕೈಗೊಂಡ ಕರ್ನಾಟಕ ವಿದ್ಯುತ್ ನಿಗಮದ ಅಂಕಿಯೂ ಅಷ್ಟೇ. ಯಾರೇ ಆಗಲಿ ಸ್ವತಂತ್ರವಾಗಿ ಲೆಕ್ಕ ಹಾಕಿ ಅಲ್ಲಿಗೇ ಬಂದು ಮುಟ್ಟುವ ಅಂಕಿಯ ಬಗ್ಗೆ ಜಗಳ ಬೇಡ.

ಆದರೆ ಸರಿಯಾದ ಅಂಕಿಯನ್ನು ತಪ್ಪಾಗಿ ಗುಣಿಸಬಹುದು. 0.37ನ್ನು 365ರಿಂದ ಗುಣಿಸಿದರೆ 135 ಟಿಎಂಸಿ. ಲಿಂಗನಮಕ್ಕಿಯ ಪೂರ್ಣ ಸಾಮರ್ಥ್ಯವೇ 151 ಟಿಎಂಸಿ ಇರುವಾಗ ಹೊಳೆಯೇ ಬತ್ತಿಹೋಗುವಂತೆ ಕೇಳಿಸುತ್ತದೆ. ಮೇಲೆ ಹೋದ ನೀರೇ ಕೆಳಗೆ ಬಂದು, ಮರುದಿನ ಮತ್ತೆ ಮೇಲೆ ಹೋಗುವಾಗ ಈ ಗುಣಾಕಾರಕ್ಕೆ ಅರ್ಥವಿಲ್ಲ. ಹಾಗೆಯೇ ‘ನೀರು ಖರ್ಚಾಗುವುದೇ ಇಲ್ಲ, ಆದ್ದರಿಂದ ಕೆಳಗಿನವರಿಗೆ ತೊಂದರೆಯಿಲ್ಲ’ ಎನ್ನುವುದೂ ಈ ಅಂಕಿಯಿಂದ ಹುಟ್ಟುವ ತೀರ್ಮಾನವಲ್ಲ. ಗೇರುಸೊಪ್ಪೆಯಿಂದ ಹೊನ್ನಾವರದ ಅಳಿವೆಯವರೆಗಿನ ತೋಟಿಗರಿಗೂ ಮೀನುಗಾರರಿಗೂ ಮುಖ್ಯವಾದದ್ದು ನೀರು ಯಾವ ಹೊತ್ತಿಗೆ, ಎಷ್ಟು ಬಿಡುತ್ತಾರೆ ಎಂಬುದು. ಇದಕ್ಕೆ ಹಿಂದಿನ ಪಾಠವೊಂದು ಕಣ್ಣೆದುರಿಗಿದೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯನ್ನೂ ಶರಾವತಿಯ ಅಳಿವೆಯನ್ನೂ ಹೋಲಿಸಿ ನೋಡಿದ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು, ವಿದ್ಯುದಾಗಾರಗಳಿಂದ ವರ್ಷವಿಡೀ ಹರಿದುಬರುವ ಸಿಹಿನೀರಿನಿಂದಾಗಿ ಶರಾವತಿ ಅಳಿವೆಯ ಉಪ್ಪಿನಂಶ ತಗ್ಗಿ, ಚಿಪ್ಪಿಕಲ್ಲು ಮತ್ತು ಮೀನಿನ ವೈವಿಧ್ಯ ಸೊರಗಿದ್ದನ್ನು ದಾಖಲಿಸಿದ್ದಾರೆ. 1,035 ಮೆಗಾವಾಟ್ ಎಂಬ ಅಂಕಿಯೊಳಗೆ ಆ ನಷ್ಟಕ್ಕೆ ಎಂದೂ ಜಾಗವಿರಲಿಲ್ಲ.

ಹೆಕ್ಟೇರ್, ಮರ, ಸಿಂಗಳೀಕ

ಯೋಜನೆಗೆ ಬೇಕಾಗುವ ಅರಣ್ಯ ಭೂಮಿ ಸುಮಾರು 54 ಹೆಕ್ಟೇರ್. ಅದು ಬರುವುದು 2019ರಲ್ಲಿ ಘೋಷಣೆಯಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ. ಅದರ ವಿಸ್ತಾರ 930 ಚದರ ಕಿಲೋಮೀಟರ್. ಭಾಗಿಸಿದರೆ ಶೇ 0.06. ಇಷ್ಟು ಸಣ್ಣ ಅಂಕಿಯ ಮುಂದೆ ಆಕ್ಷೇಪವೇ ಹಟದಂತೆ ಕಾಣುತ್ತದೆ.

ಛೇದವನ್ನು ಬೇಕೆಂದಷ್ಟು ದೊಡ್ಡದು ಮಾಡಬಹುದಾದಾಗ ಯಾವ ನಷ್ಟವೂ ಸಣ್ಣದೇ. 930ರ ಬದಲು ಪಶ್ಚಿಮ ಘಟ್ಟವನ್ನೇ ಕೆಳಗಿಟ್ಟರೆ ಇನ್ನೆರಡು ಸೊನ್ನೆ ಸೇರುತ್ತವೆ. ಸಿಂಗಳೀಕದ ಜೀವನ ಮರದಿಂದ ಮರಕ್ಕೆ; ನೆಲಕ್ಕಿಳಿಯುವುದು ಕಡಿಮೆ. ಅದಕ್ಕೆ ಬೇಕಾದದ್ದು ಕೊಂಬೆಗೆ ಕೊಂಬೆ ತಾಗುವ ಕಾಡಿನ ಮೇಲ್ಛಾವಣಿ. 54 ಹೆಕ್ಟೇರ್ ಒಂದೇ ಕಡೆ ಚೌಕವಾಗಿ ಹೋದರೆ ಆಗುವ ಪರಿಣಾಮ ಬೇರೆ, ಅಗಲಗೊಂಡ ರಸ್ತೆಯಾಗಿ ಉದ್ದಕ್ಕೆ ಸೀಳಿಕೊಂಡು ಹೋದರೆ ಆಗುವುದು ಬೇರೆ. ಶೇಕಡಾವಾರು ಲೆಕ್ಕಕ್ಕೆ ಆಕಾರ ಗೊತ್ತಿಲ್ಲ. ಆದ್ದರಿಂದ ಇಲ್ಲಿ ಕೇಳಬೇಕಾದದ್ದು ನಕ್ಷೆ.

ಮರಗಳ ಎಣಿಕೆಯಲ್ಲಿ ತೊಡಕು ಇನ್ನೊಂದು ದಿಕ್ಕಿನದು. 15-16 ಸಾವಿರ ಎಂಬುದು ಅರಣ್ಯದ ಎಣಿಕೆಯ ಕ್ರಮದಂತೆ, ಎದೆಮಟ್ಟದಲ್ಲಿ ಇಷ್ಟು ಸುತ್ತಳತೆ ಇರಬೇಕೆಂಬ ಮಿತಿ ಇಟ್ಟುಕೊಂಡು ಬಂದ ಸಂಖ್ಯೆ. ಆ ಮಿತಿಯ ಕೆಳಗಿನ ಸಸಿ, ಬೆತ್ತ, ಬಳ್ಳಿ ಲೆಕ್ಕಕ್ಕಿಲ್ಲ. ವಿರೋಧಿಗಳು ಈ ಸಂಖ್ಯೆಯನ್ನು ದೊಡ್ಡದೆಂದು ಕೂಗುತ್ತಾರೆ. ವಾಸ್ತವದಲ್ಲಿ ಅದು ನಷ್ಟದ ಕೆಳಗಿನ ಅಂಚು. ತಮ್ಮ ವಾದಕ್ಕೆ ಬಲ ಕೊಡಬೇಕಾದ ಅಂಶವನ್ನು ಅವರೇ ಬಿಟ್ಟುಬಿಟ್ಟಂತೆ. ಇದಕ್ಕೆ ಹೋಲಿಸಿದರೆ ಸಿಂಗಳೀಕಗಳ ವಿಷಯದಲ್ಲಿ ನಮ್ಮಲ್ಲಿ ಒಳ್ಳೆಯ ಎಣಿಕೆಯಿದೆ. ಶಿರಸಿ-ಹೊನ್ನಾವರ ಕಾಡುಗಳಲ್ಲಿ 32 ಗುಂಪುಗಳಿವೆ ಎಂದು ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ ಎರಡು ದಶಕದ ಹಿಂದೆ ವರದಿ ಮಾಡಿದರು. ಎಲ್ಲಿ, ಹೇಗೆ ಎಣಿಸಿದೆವು ಎಂಬುದನ್ನೂ ಪ್ರಕಟಿಸಿದ್ದರಿಂದ ಮುಂದಿನವರು ಅದೇ ಜಾಡಿನಲ್ಲಿ ಮತ್ತೆ ಎಣಿಸಲು ಸಾಧ್ಯವಾಯಿತು. ಈ ಕಾಡಿನ ಬಗ್ಗೆ ಸರ್ಕಾರ ಆಮೇಲೆ ತೆಗೆದುಕೊಂಡ ಸಂರಕ್ಷಣೆಯ ತೀರ್ಮಾನಗಳ ಹಿಂದೆ ಇಂಥ ಕೆಲಸವಿದೆ.

ತದಡಿಯ 4,000 ಮೆಗಾವಾಟ್

ಕುಮಟಾ ತಾಲ್ಲೂಕಿನವರಿಗೆ ಈ ಪಾಠ ಹಳೆಯದು. ಕೇಂದ್ರದ ಅಲ್ಟ್ರಾ ಮೆಗಾ ವಿದ್ಯುತ್ ಸ್ಥಾವರಗಳ ಯೋಜನೆಯಡಿ ಅಘನಾಶಿನಿ ಅಳಿವೆಯ ದಂಡೆಯ ತದಡಿಯಲ್ಲಿ ಆಮದು ಕಲ್ಲಿದ್ದಲಿನ 4,000 ಮೆಗಾವಾಟ್ ಸ್ಥಾವರ ಕಟ್ಟಲು 2006ರಲ್ಲಿ ಕೋಸ್ಟಲ್ ಕರ್ನಾಟಕ ಪವರ್ ಲಿಮಿಟೆಡ್ ಎಂಬ ಕಂಪನಿಯೂ ನೋಂದಣಿಯಾಗಿತ್ತು. ಅಗ್ಗದ ವಿದ್ಯುತ್ ಎಂಬುದು ಮುಖ್ಯ ಭರವಸೆ. ಅದೇ ಮಾದರಿಯ ಗುಜರಾತಿನ ಮುಂದ್ರಾ ಸ್ಥಾವರಕ್ಕೆ ಯುನಿಟ್ಟಿಗೆ 2 ರೂಪಾಯಿ 26 ಪೈಸೆಯ ಬಿಡ್ ಬಂದಿದ್ದು ಆಗ ಎಲ್ಲರ ಬಾಯಲ್ಲೂ ಇತ್ತು. ಆ ಅಂಕಿ ನಿಜವಾದದ್ದೇ, ಒಪ್ಪಂದದಲ್ಲಿ ಬರೆದದ್ದು. ಆದರೆ ಅದರ ಬುಡದಲ್ಲಿ ಇಂಡೊನೇಷ್ಯಾದ ಕಲ್ಲಿದ್ದಲು ಅಗ್ಗವಾಗಿಯೇ ಉಳಿಯುತ್ತದೆಂಬ ಊಹೆ ಇತ್ತು. 2010ರಲ್ಲಿ ಆ ದೇಶ ರಫ್ತು ಬೆಲೆಯನ್ನು ಮಾರುಕಟ್ಟೆ ದರಕ್ಕೆ ಕಟ್ಟಿತು. ಮುಂದ್ರಾ ನಷ್ಟಕ್ಕಿಳಿಯಿತು, ದರ ಏರಿಸಿ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 2017ರಲ್ಲಿ ಕಂಪನಿಯ ವಿರುದ್ಧ ತೀರ್ಪಾಯಿತು. ದೇಶದಲ್ಲಿ ಗುರುತಿಸಿದ ಹದಿನಾರರಷ್ಟು ಅಲ್ಟ್ರಾ ಮೆಗಾ ಸ್ಥಾವರಗಳಲ್ಲಿ ಪೂರ್ಣಗೊಂಡದ್ದು ಮುಂದ್ರಾ ಮತ್ತು ಮಧ್ಯಪ್ರದೇಶದ ಸಾಸನ್ ಎರಡೇ. ಮುಂದೆ ಆಗುವುದರ ಬಗೆಗಿನ ಅಂಕಿಯನ್ನು ಆದದ್ದರ ಅಂಕಿಯ ಜೊತೆ ಒಂದೇ ತಕ್ಕಡಿಯಲ್ಲಿ ಇಡಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತದಡಿಯ ವಿರೋಧದ ಬದಿಯಲ್ಲಿದ್ದ ಅಂಕಿಯನ್ನೂ ನೋಡಬೇಕು. ಅಘನಾಶಿನಿ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ಸಿಗುತ್ತದೆ, ಅದರ ಬೆಲೆ ಸುಮಾರು 5 ಕೋಟಿ 78 ಲಕ್ಷ ರೂಪಾಯಿ, 2,347 ಜನ ಅದರಲ್ಲಿ ನೇರವಾಗಿ ತೊಡಗಿದ್ದಾರೆ ಎಂದು ಬೂಮಿನಾಥನ್, ಸುಭಾಷ್ ಚಂದ್ರನ್ ಮತ್ತು ರಾಮಚಂದ್ರ 2008ರಲ್ಲಿ ಲೆಕ್ಕ ಕೊಟ್ಟರು. ಊರೂರು ತಿರುಗಿ ಮಾಡಿದ ಎಣಿಕೆ, ವಿಧಾನ ಬರೆದಿಟ್ಟದ್ದು, ನಂಬಬಹುದಾದದ್ದು. ಆದರೆ ವಾದದಲ್ಲಿ ಅದು ಎರಡಲಗಿನ ಕತ್ತಿ. ಸಾವಿರಾರು ಕೋಟಿಯ ಸ್ಥಾವರದ ಮುಂದೆ ಆರು ಕೋಟಿಯ ಚಿಪ್ಪಿಕಲ್ಲು ಯಾರ ಕಣ್ಣಿಗೆ ಬೀಳುತ್ತದೆ? ಒಬ್ಬೊಬ್ಬರಿಗೆ ಹಂಚಿದರೆ ವರ್ಷಕ್ಕೆ 24,600 ರೂಪಾಯಿ. ಬಂಡವಾಳವಿಲ್ಲದೆ, ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಕೆಸರಿಗಿಳಿದವರಿಗೆ 2008ರಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲ. ಮಾರಾಟದ ಬೆಲೆಯಲ್ಲಿ ಅಳೆದಾಗ ಬಡವರ ಜೀವನೋಪಾಯ ಯಾವಾಗಲೂ ಸಣ್ಣದಾಗಿಯೇ ಕಾಣುತ್ತದೆ. ಅವರು ಮಾರುವುದೇ ಅಗ್ಗಕ್ಕೆ. ಇಲ್ಲಿ ತಲೆಯೆಣಿಕೆಯೇ ಹೆಚ್ಚು ಹೇಳುವ ಅಂಕಿ.

ಅದೇ 22,000 ಟನ್ನನ್ನು ಇಂದಿಗೂ ‘ಈಗ ಸಿಗುತ್ತಿರುವ’ ಪ್ರಮಾಣವೆಂಬಂತೆ ಉಲ್ಲೇಖಿಸುವವರಿದ್ದಾರೆ. ಅಳಿವೆಯ ಇಳುವರಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಇಸವಿಯಿಲ್ಲದೆ ಅದನ್ನು ಹೇಳುವುದು ಅಳಿವೆಗೂ ಆ ಸಂಶೋಧಕರಿಗೂ ಮಾಡುವ ಅನ್ಯಾಯ. ತದಡಿ ಸ್ಥಾವರ ಬರಲಿಲ್ಲ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಸರಾಸರಿ ಮತ್ತು ಅಂದಾಜು

ಮನೆ ಮಟ್ಟದ ಅಂಕಿಗಳಿಗೂ ಇದೇ ಪರೀಕ್ಷೆ ನಡೆಯುತ್ತದೆ. ಚಾವಣಿ ಸೌರಫಲಕಕ್ಕೆ 2024ರಿಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಹಾಯಧನವಿದೆ. ಒಂದು ಕಿಲೋವಾಟ್ ದಿನಕ್ಕೆ ನಾಲ್ಕು ಯುನಿಟ್ ಕೊಡುತ್ತದೆ ಎಂಬುದು ಮಾರುವವರ ಮಾಮೂಲು ಮಾತು. ವರ್ಷದ ಸರಾಸರಿಯಾಗಿ ಅದು ದೂರದ ಮಾತಲ್ಲ. ಆದರೆ ಭಟ್ಕಳದಲ್ಲಿ ವರ್ಷದ 3,000 ಮಿಲಿಮೀಟರಿಗೂ ಮೀರಿದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಬಳ್ಳಾರಿಯ ಬಿಸಿಲಿಗೆ ಹೊಂದುವ ಸರಾಸರಿಯನ್ನು ಆಷಾಢದ ಭಟ್ಕಳಕ್ಕೆ ಅಂಟಿಸಬಾರದು. ಫೆಬ್ರುವರಿ ತಿಂಗಳಲ್ಲೂ ಜುಲೈ ತಿಂಗಳಲ್ಲೂ ಅದೇ ಊರಿನ ಒಂದು ಮನೆಯ ಮೀಟರ್ ಏನು ಹೇಳಿತು ಎಂದು ಕೇಳಿದರೆ ಸಾಕು.

ವಿತರಣಾ ನಷ್ಟದ ಅಂಕಿ ಇದಕ್ಕಿಂತ ಗೋಜಲು. ಹೆಸ್ಕಾಂನಂಥ ಕಂಪನಿ ಕೊಂಡ ವಿದ್ಯುತ್ತಿನಿಂದ ಮೀಟರಿನಲ್ಲಿ ದಾಖಲಾದ ಮಾರಾಟವನ್ನೂ ಕೃಷಿ ಪಂಪ್‌ಸೆಟ್‌ಗಳ ಬಳಕೆಯನ್ನೂ ಕಳೆದರೆ ಉಳಿದದ್ದು ನಷ್ಟ. ಆದರೆ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಅವುಗಳಲ್ಲಿ ಹೆಚ್ಚಿನವಕ್ಕೆ ಮೀಟರ್ ಇಲ್ಲ. ಆ ಬಳಕೆ ಅಂದಾಜಿನದು. ಅಂದಾಜನ್ನು ತುಸು ಏರಿಸಿದರೆ ಕಾಗದದ ಮೇಲೆ ನಷ್ಟ ಇಳಿಯುತ್ತದೆ, ಸರ್ಕಾರದಿಂದ ಬರಬೇಕಾದ ಸಬ್ಸಿಡಿ ಏರುತ್ತದೆ. ಹೀಗೆ ಆಗುತ್ತಿದೆ ಎಂದು ನಾನು ಆರೋಪಿಸುತ್ತಿಲ್ಲ. ಹೀಗೆ ಆಗಲು ಎಡೆಯಿರುವ ಅಂಕಿಯನ್ನು ಇಟ್ಟುಕೊಂಡು ‘ನಷ್ಟವನ್ನು ಇಷ್ಟಕ್ಕೆ ಇಳಿಸಿದೆವು’ ಎಂದು ಯಾವ ಸರ್ಕಾರ ಹೇಳಿಕೊಂಡರೂ ಒಪ್ಪಬೇಕಾಗಿಲ್ಲ. ಪಂಪ್‌ಸೆಟ್‌ಗಳಿಗೆ ಮೀಟರ್ ಹಾಕಿ ಎಂದು ವಿದ್ಯುತ್ ನಿಯಂತ್ರಣ ಆಯೋಗ ವರ್ಷಗಳಿಂದ ಹೇಳುತ್ತ ಬಂದಿರುವುದು ಸುಮ್ಮನಲ್ಲ.

ಇದರ ಎದುರಿಗೆ ಲಿಂಗನಮಕ್ಕಿಯ ಮಟ್ಟವನ್ನು ಇಟ್ಟು ನೋಡಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ದಿನವೂ ಬರುವ ಅಂಕಿ ಅದು. ಗರಿಷ್ಠ 1,819 ಅಡಿ. ನಿಗಮವೇ ಕೊಡುವ ಅಂಕಿಯಾದರೂ ಹೊಳೆದಂಡೆಯ ಜನ ಅದನ್ನು ನಂಬಿ ಸಾಮಾನು ಸಾಗಿಸುತ್ತಾರೆ. ಅದು ತಪ್ಪಿದರೆ ಮಾರನೆಯ ದಿನವೇ ಗೇರುಸೊಪ್ಪೆಯ ಕೆಳಗಿನ ಊರುಗಳಿಗೆ ಗೊತ್ತಾಗುತ್ತದೆ, ಹೇಳಿದವರು ಉತ್ತರ ಕೊಡಬೇಕಾಗುತ್ತದೆ. ಅದರಲ್ಲೂ ಒಂದು ಎಚ್ಚರ ಬೇಕು: ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ತುದಿಯ ಒಂದಡಿಯಲ್ಲಿ ಹಿಡಿಯುವ ನೀರು ಬುಡದ ಒಂದಡಿಗಿಂತ ಎಷ್ಟೋ ಹೆಚ್ಚು. ಅಡಿಯ ಲೆಕ್ಕದಲ್ಲಿ ಇನ್ನೂ ಇಷ್ಟು ಖಾಲಿಯಿದೆ ಎಂದು ಓದಿದವರು ಟಿಎಂಸಿಯನ್ನೂ ನೋಡಬೇಕು.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅಹವಾಲು ಸಭೆಗೆ ಮೊದಲು ವರದಿಯ ಸಾರಾಂಶ ಕನ್ನಡದಲ್ಲಿ ಸಿಗುತ್ತದೆ. ಛೇದಗಳಿರುವ ಕೋಷ್ಟಕಗಳು ಉಳಿಯುವುದು ಇಂಗ್ಲಿಷಿನ ಪೂರ್ಣ ವರದಿಯಲ್ಲಿ. ಮುಂದಿನ ಸಭೆಗೆ ಹೋಗುವವರು ಭಾಷಣಕ್ಕೆ ಮೊದಲು ಆ ಕೋಷ್ಟಕಗಳ ಕನ್ನಡ ಪ್ರತಿಯನ್ನು ಕೇಳಬೇಕು. ತಾಸುವಾರು ಹೆಚ್ಚುವರಿ ವಿದ್ಯುತ್ತಿನ ಲೆಕ್ಕ, ವರ್ಷಕ್ಕೆ ಓಡುವ ದಿನಗಳು, ಕಡಿಯುವ ಕಾಡಿನ ನಕ್ಷೆ ಈ ಮೂರನ್ನು ಲಿಖಿತವಾಗಿ ಕೇಳಬೇಕು. ಸಭೆಯಲ್ಲಿ ಎತ್ತಿದ ವಿಷಯಗಳನ್ನೂ ಅವಕ್ಕೆ ಯೋಜನೆಯವರು ಕೊಟ್ಟ ಉತ್ತರಗಳನ್ನೂ ಸ್ಥಳೀಯ ಭಾಷೆಯಲ್ಲಿ ಬರೆದು ನಡಾವಳಿಗೆ ಸೇರಿಸಬೇಕೆಂದು ಅದೇ ಅಧಿಸೂಚನೆ ಹೇಳುತ್ತದೆ.